ವೀಸಾ ಬರುವತನಕ ಒಂದೇ ಕೋಣೆ

ಏಪ್ರಿಲ್ 8

ವ್ಯಾನಿನ ಬಾಗಿಲು ಸರಿದಾಗ ಮೊದಲು ಕಂಡದ್ದು ಅವಳ ಕಾಲಬೆರಳುಗಳು. ಎಲ್ಲಕ್ಕೂ ಕೆಂಪು ಬಣ್ಣ. ಮುಖ ನೋಡುವ ಮೊದಲೇ ಯಾರೆಂದು ಗೊತ್ತಾಯಿತು. ಊರಿನ ಸಂತೆಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ದೋಣಿಕಟ್ಟೆಯಲ್ಲಿ ಇಷ್ಟು ವರ್ಷ ನಾನು ತಲೆ ತಗ್ಗಿಸಿಕೊಂಡು ದಾಟಿಹೋದದ್ದು ಇವೇ ಕಾಲುಗಳನ್ನು.

ಡಿವಿನಾ. ನನ್ನ ಗಂಡ ಮಿನ್ಯೋಂಗ್ ನನ್ನನ್ನು ಬಿಟ್ಟು ಹೋಗಿ ಸೇರಿಕೊಂಡ ಹೆಂಗಸು. ದೈವಿಕಳು ಎಂಬ ಅರ್ಥದ ಹೆಸರಿಟ್ಟ ತಾಯಿಗೆ ಏನು ಧೈರ್ಯ!

ಇವಳು ಯಾವುದೋ ದೇಶಕ್ಕೆ ಹೋದಳೆಂದು ಊರಿನಲ್ಲಿ ಹೇಳುತ್ತಿದ್ದರು. ಯಾವ ದೇಶವೆಂದು ಕೇಳುವಷ್ಟು ಕುತೂಹಲ ನನಗಿರಲಿಲ್ಲ. ಕೇಳಬೇಕಿತ್ತು. ಫಿಲಿಪೀನ್ಸಿನಿಂದ ಟೀಚರುಗಳನ್ನು ಥಾಯ್ಲೆಂಡಿಗೆ ತುಂಬಿ ಕಳಿಸುವ ನಮ್ಮೂರ ಏಜೆಂಟ್ ಸಾಲ್ವೆ ಮೇಡಂಗೆ ಇಡೀ ಥಾಯ್ಲೆಂಡಿನಲ್ಲಿ ಸಿಕ್ಕಿದ್ದು ಪಕ್ಕಪಕ್ಕದ ಎರಡು ಊರುಗಳು. ಒಂದರಲ್ಲಿ ನಾನು, ಇನ್ನೊಂದರಲ್ಲಿ ಇವಳು. ನನಗೆ ಗಣಿತ, ಇವಳಿಗೆ ಶಿಶುವಿಹಾರ. ನಿನ್ನೆ ಮೊನ್ನೆಯವರೆಗೆ ಬ್ಯೂಟಿ ಪಾರ್ಲರಿನಲ್ಲಿ ಹುಬ್ಬು ಕೀಳುತ್ತಿದ್ದವಳು, ಸಂಜೆ ಕಾಲೇಜಿನ ಒಂದು ಸರ್ಟಿಫಿಕೇಟು ಹಿಡಿದುಕೊಂಡು ಟೀಚರ್ ಆಗಿಬಿಟ್ಟಿದ್ದಾಳೆ.

ಪ್ರವಾಸಿಗಳೆಂದು ಥಾಯ್ಲೆಂಡಿನ ಒಳಗೆ ಬಂದವರು ನಾವೆಲ್ಲ. ಕೆಲಸದ ವೀಸಾ ಬೇಕಾದರೆ ದೇಶದಿಂದ ಹೊರಬಿದ್ದು, ಮೆಕಾಂಗ್ ದಾಟಿ, ಲಾವೋಸಿನ ಸವನ್ನಾಖೇತಿನಲ್ಲಿರುವ ಥಾಯ್ ಕಚೇರಿಯಲ್ಲಿ ಅರ್ಜಿ ಹಾಕಬೇಕು. ಮನೆಯೊಳಗೆ ಕೂತವರನ್ನು ಎಬ್ಬಿಸಿ ಹೊರಗೆ ಕಳಿಸಿ, ಬಾಗಿಲು ತಟ್ಟಿಸಿಕೊಂಡು, ‘ಯಾರದು?’ ಎಂದು ಕೇಳುವ ಮರ್ಯಾದೆ ಇದು.

ಖಾಲಿ ಇದ್ದದ್ದು ಅವಳ ಪಕ್ಕದ ಸೀಟೊಂದೇ. ಸೇತುವೆಯ ಹತ್ತಿರ ಬರುವಾಗ ಅವಳು ಬಾಯಿ ಬಿಟ್ಟಳು.

“ಅಕ್ಕ, ವಾಕರಿಕೆ ಬರೋ ಹಾಗಿದ್ರೆ ಹೇಳಿ. ಶುಂಠಿ ಮಿಠಾಯಿ ಇಟ್ಕೊಂಡಿದೀನಿ.”

“ನನಗೆ ವಾಕರಿಕೆ ಬರ್ತಿರೋದು ದಾರಿಯಿಂದಲ್ಲ. ಅಕ್ಕ ಗಿಕ್ಕ ಅನ್ಬೇಡ.”

ಮಿಠಾಯಿ ತಾನೇ ತಿಂದಳು, ಸದ್ದು ಮಾಡಿಕೊಂಡು.

ಈ ವ್ಯಾನಿನ ಯಜಮಾನಿಕೆ ರೂಫಿನೋ ಸರ್ ಎಂಬುವನದು. ಮನಿಲಾದವನು. ಇಂಥ ಯಾತ್ರೆ ಎಷ್ಟೋ ಸಲ ಮಾಡಿದ್ದಾನಂತೆ, ಅದನ್ನು ಪದವಿಯ ಹಾಗೆ ಹೇಳಿಕೊಳ್ಳುತ್ತಾನೆ. ಎರಡು ಮಾತಿಗೊಮ್ಮೆ ದೇವರನ್ನು ಕರೆಯುತ್ತಾನೆ. ಗೆಸ್ಟ್‌ಹೌಸಿನ ಮುಂದೆ ಇಳಿಯುತ್ತಲೇ ಕೋಣೆ ಹಂಚತೊಡಗಿದ.

“ಸಿಸ್ಟರ್, ಇವರ ಹೊಸವರ್ಷ ಬಂತಲ್ಲ, ಎಲ್ಲ ಕಡೆ ತುಂಬಿಹೋಗಿದೆ. ನೀವಿಬ್ರೂ ಒಂದೇ ಊರಿನವರಂತೆ. ಒಂದೇ ಕೋಣೇಲಿ ಇದ್ಬಿಡಿ. ದೇವರೇ ನಿಮ್ಮನ್ನ ಸೇರಿಸಿದಾನೆ.”

“ಅವನಿಗೆ ಬೇರೆ ಕೆಲಸ ಇರ್ಲಿಲ್ವಾ?” ಎಂದೆ.

ಕೋಣೆಯಲ್ಲಿ ಎರಡು ಮಂಚ, ಒಂದು ಫ್ಯಾನು. ಫ್ಯಾನು ಕತ್ತು ತಿರುಗಿಸುವುದಿಲ್ಲ. ನನ್ನ ಕಡೆ ಮಾಡಿಕೊಂಡೆ. ಅವಳು ಮಾತಾಡಲಿಲ್ಲ. ಮಾತಾಡಿದ್ದರೆ ಚೆನ್ನಾಗಿತ್ತು, ಉತ್ತರ ತಯಾರಿತ್ತು.

ಏಪ್ರಿಲ್ 10

ಬೆಳಗಿನಿಂದ ಕ್ಯೂ. ಮುಂದೆ ಒಬ್ಬ ಇಂಗ್ಲೆಂಡಿನವನು ಚಡ್ಡಿಯಲ್ಲಿ ಬಂದಿದ್ದ. ಅವನೂ ಟೀಚರಂತೆ. ಅವನ ಚರ್ಮಕ್ಕೆ ನಮಗಿಂತ ಹೆಚ್ಚು ಸಂಬಳ ಕೊಡುತ್ತಾರೆ. ವಾಕ್ಯದಲ್ಲಿ ಕ್ರಿಯಾಪದ ಎಲ್ಲಿ ಕೂರುತ್ತದೆಂದು ಕೇಳಿದರೆ ಚಡ್ಡಿಯ ಜೇಬಿನಲ್ಲಿ ಹುಡುಕಬಹುದು.

ರೂಫಿನೋ ಎಲ್ಲರಿಗೂ ಕಿಟಕಿಯ ಮುಂದೆ ಹೇಗೆ ನಿಲ್ಲಬೇಕು, ಎಷ್ಟು ನಗಬೇಕು ಎಂದು ತರಬೇತಿ ಕೊಟ್ಟ. ನನ್ನ ಮುಖ ನೋಡಿ, “ಸಿಸ್ಟರ್, ನೀವು ನಗದಿದ್ರೇನೇ ಒಳ್ಳೇದು” ಎಂದ.

ಡಿವಿನಾ ಅರ್ಜಿ ತುಂಬಿ ಎರಡೆರಡು ಸಲ ನನ್ನ ಕಡೆ ನೋಡಿದಳು. ನಾನು ಕಿತ್ತುಕೊಂಡು ನೋಡಿದೆ. ತಾನು ಸೇರಲಿರುವ ‘ಶಿಶುವಿಹಾರ’ದ ಇಂಗ್ಲಿಷ್ ಕಾಗುಣಿತವನ್ನೇ ತಪ್ಪು ಬರೆದಿದ್ದಳು. ತಿದ್ದಿಕೊಟ್ಟೆ. ಇಪ್ಪತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕೈ, ತಪ್ಪು ಕಂಡರೆ ಸುಮ್ಮನಿರುವುದಿಲ್ಲ, ಅಷ್ಟೆ. ನಮ್ಮೂರ ಚರ್ಚಿನ ಶಾಲೆಯಲ್ಲಿ ನಾನು ಹೆಡ್‌ಮಿಸ್ ಆಗಬೇಕಿತ್ತು. ಪಾದ್ರಿಗಳು ‘ಸಂಸಾರ ನೆಟ್ಟಗಿಲ್ಲದವಳು’ ಎಂದು ನನಗಿಂತ ಚಿಕ್ಕವಳೊಬ್ಬಳನ್ನು ಕೂರಿಸಿದರು. ಅವಳ ಕೈಕೆಳಗೆ ಇರಲಾರದೆ ಬಿಟ್ಟು ಬಂದೆ. ಸಂಸಾರ ಕೆಡಿಸಿದವಳು ಈಗ ಪಕ್ಕದಲ್ಲಿ ನಿಂತು “ಥ್ಯಾಂಕ್ಸ್” ಎನ್ನುತ್ತಿದ್ದಾಳೆ.

ಪಾಸ್‌ಪೋರ್ಟುಗಳನ್ನು ಒಳಗೆ ತೆಗೆದುಕೊಂಡ ಗುಮಾಸ್ತೆ ಒಂದು ಚೀಟಿ ಕೊಟ್ಟು ಹದಿನೇಳಕ್ಕೆ ಬನ್ನಿ ಎಂದಳು. ನದಿಯ ಆಚೆಗೂ ಈಚೆಗೂ ಒಂದೇ ವಾರ ಹೊಸವರ್ಷ, ರಜೆ.

ಎರಡೇ ದಿನದ ಕೆಲಸ ಎಂದಿದ್ದ ರೂಫಿನೋ ಆಕಾಶ ನೋಡಿ, “ದೇವರ ಸಮಯವೇ ಬೇರೆ” ಎಂದ. ಕ್ಯಾಲೆಂಡರ್ ನೋಡದ ಸೋಮಾರಿಗಳಿಗೆಲ್ಲ ದೇವರು ಇರುವುದು ಇದಕ್ಕೇ.

ಏಪ್ರಿಲ್ 11

ಪ್ರತಿ ಸಂಜೆ ಡಿವಿನಾ ಮಿನ್ಯೋಂಗ್‌ಗೆ ಫೋನ್ ಮಾಡುತ್ತಾಳೆ. ಆಚೆ ಹೋಗಿ ಮಾಡು ಎಂದರೆ ಅಂಗಳದಲ್ಲಿ ಸಿಗ್ನಲ್ ಇಲ್ಲವಂತೆ. ಗೋಡೆ ಕಡೆ ಮುಖ ಮಾಡಿ ಪಿಸುಗುಟ್ಟುತ್ತಾಳೆ. ಹೆಚ್ಚು ಕೇಳಿಸುವುದು ಪಿಸುಮಾತೇ.

“ಊಟ ಮಾಡಿದ್ರಾ? ಉಪ್ಪು ಹಾಕ್ಲಿಲ್ಲ ತಾನೆ? ನೀರು ಎಷ್ಟು ಕುಡಿದ್ರಿ? ಸುಳ್ಳು ಹೇಳ್ಬೇಡಿ, ಧ್ವನಿ ಕೇಳಿದ್ರೆ ಗೊತ್ತಾಗತ್ತೆ ನಂಗೆ.”

ಅವನ ಮೂತ್ರಪಿಂಡ ಎರಡೂ ಹೋಗಿವೆ. ವಾರಕ್ಕೆ ಮೂರು ಸಲ ರಕ್ತ ತೊಳೆಯುವ ಮೆಷಿನ್ನು. ಈ ಸುದ್ದಿ ಊರಿನಲ್ಲಿ ನನಗೆ ತಲುಪಿದಾಗ, ದೇವರು ನಿದ್ದೆ ಮಾಡಿಲ್ಲ ಎಂದುಕೊಂಡಿದ್ದೆ. ಈಗ ಅವನನ್ನು ನೋಡಿಕೊಳ್ಳುತ್ತಿರುವುದು ಅವನ ಅಕ್ಕ, ನನ್ನ ಅತ್ತಿಗೆ ಪುರಿಂಗ್. ‘ಆ ಹೆಂಗಸು ಊರು ಬಿಟ್ಟರೆ ಮಾತ್ರ ನನ್ನ ತಮ್ಮನನ್ನ ಮನೆಗೆ ಸೇರಿಸ್ತೀನಿ’ ಎಂದಳಂತೆ. ಮೆಷಿನ್ನಿಗೆ ದುಡಿಯಬೇಕಲ್ಲ, ಇವಳೂ ಬಿಟ್ಟಳು. ತ್ಯಾಗವಂತೆ. ಬೇರೆಯವರ ಗಂಡನಿಗಾಗಿ ತ್ಯಾಗ ಮಾಡುವುದು ಎಷ್ಟು ಸುಲಭ.

ಫೋನ್ ಇಟ್ಟಮೇಲೆ ಈ ಕಡೆ ತಿರುಗಿದಳು.

“ಮಾತ್ರೆ ನುಂಗಲ್ಲ ಅಂತ ಹಟ ಮಾಡ್ತಾರೆ. ನಿಮ್ಮ ಹತ್ರ ಇದ್ದಾಗ ಹೇಗೆ ನುಂಗಿಸ್ತಿದ್ರಿ?”

“ನನ್ನ ಹತ್ರ ಇದ್ದಾಗ ಅವನಿಗೆ ಕಾಯಿಲೆ ಇರ್ಲಿಲ್ಲ.”

ಸ್ವಲ್ಪ ಹೊತ್ತಾದಮೇಲೆ, ಅವಳು ಮತ್ತೆ ಮತ್ತೆ ನಿಟ್ಟುಸಿರು ಬಿಡುವುದನ್ನು ನಿಲ್ಲಿಸಲೆಂದು, “ಜ್ವರ ಬಂದಾಗ ಬಾಳೆಹಣ್ಣಲ್ಲಿ ಹುದುಗಿಸಿ ಕೊಡ್ತಿದ್ದೆ” ಎಂದೆ.

“ಬಾಳೆಹಣ್ಣು ಕೊಡಬಾರದಂತೆ ಈ ಕಾಯಿಲೆಗೆ.”

“ಹಾಗಿದ್ರೆ ಅನ್ನದ ತುತ್ತಲ್ಲಿ ಇಡು. ನನ್ನನ್ನ ಯಾಕೆ ಕೇಳ್ತೀಯ?”

ಅವಳಿಗೂ ಮಕ್ಕಳಾಗಲಿಲ್ಲ. ಬಂಜೆ ಎಂದು ಊರು ನನ್ನ ಹಿಂದೆ ಆಡಿಕೊಂಡದ್ದಕ್ಕೆ ಇವಳ ಖಾಲಿ ಮಡಿಲೇ ಉತ್ತರ. ಆ ಒಂದು ಉಪಕಾರ ಮಾಡಿದ್ದಾಳೆ.

ಏಪ್ರಿಲ್ 12

ಸೆಕೆ. ಈ ಊರಿನಲ್ಲಿ ನದಿ ಹರಿಯುವುದೊಂದೇ ಕೆಲಸ, ಮಿಕ್ಕವರೆಲ್ಲ ಅದನ್ನು ನೋಡುತ್ತಾ ಕೂತಿರುತ್ತಾರೆ.

ಡಿವಿನಾ ಗೆಸ್ಟ್‌ಹೌಸಿನ ಯಜಮಾನಿ ಕಮ್‌ಫೋನಳ ಒಲೆಯಲ್ಲಿ ಒಣಮೀನು ಹುರಿದಳು. ಬೀದಿಯೆಲ್ಲ ನಾತ. ಕಮ್‌ಫೋನ್ ಬೈಯಲು ಬಂದವಳು ಬುಟ್ಟಿ ತುಂಬ ಅಂಟಕ್ಕಿ ಅನ್ನ ತಂದಿಟ್ಟು ಜೊತೆಗೇ ಕೂತು ತಿಂದಳು. ಒಬ್ಬರ ಭಾಷೆ ಒಬ್ಬರಿಗೆ ಬಾರದು, ಆದರೂ ಒಂದು ಗಂಟೆ ಹರಟೆ. ತಲೆಯಲ್ಲಿ ಏನೂ ಇಲ್ಲದವರಿಗೆ ಭಾಷೆಯ ತೊಂದರೆಯೂ ಇಲ್ಲ.

ನನ್ನ ಪಾಲನ್ನು ತಟ್ಟೆಯಲ್ಲಿ ಮುಚ್ಚಿಟ್ಟಿದ್ದಳು. ವಿನಿಗರ್ ಬೇರೆ ಬಟ್ಟಲಲ್ಲಿ, ಹಸಿಮೆಣಸು ಕಿವುಚಿ. ಆಹಾರ ಎಸೆಯುವುದು ಪಾಪ. ತಿಂದೆ.

ಏಪ್ರಿಲ್ 13

ಬೆಳಿಗ್ಗೆ ಬ್ರೆಡ್ ತರಲು ಹೊರಟ ನನ್ನ ತಲೆಯ ಮೇಲೆ ಯಾರೋ ಒಂದು ಬಕೆಟ್ ನೀರು ಸುರಿದರು. ಸುರಿದು ಕೈಮುಗಿದರು, ಇನ್ನೊಬ್ಬಳು ಕೆನ್ನೆಗೆ ಹಿಟ್ಟು ಬಳಿದಳು. ಹೊಸವರ್ಷದ ಶುಭಾಶಯವಂತೆ ಇದು. ಬ್ರೆಡ್ಡು ಗಂಜಿಯಾಯಿತು.

ಡಿವಿನಾ ಬೆಳಗಿನಿಂದ ಬೀದಿಯಲ್ಲೇ. ಕಮ್‌ಫೋನಳ ಮನೆಯ ಮುಂದೆ ದೊಡ್ಡ ತೊಟ್ಟಿ, ಹಾಡು, ಬಿಯರು. ಬೈಕಿನವರು, ಬಸ್ಸಿನವರು, ಭಿಕ್ಷುಗಳು, ಯಾರೂ ಅವಳ ಡಬ್ಬದಿಂದ ತಪ್ಪಿಸಿಕೊಳ್ಳಲಿಲ್ಲ. ನಲವತ್ತು ದಾಟಿದ ಹೆಂಗಸು. ಮೈಗಂಟಿದ ಅಂಗಿ. ಅಲ್ಲಿ ಗಂಡಸು ಸಾಯುತ್ತಾ ಬಿದ್ದಿದ್ದಾನೆ, ಇಲ್ಲಿ ಇವಳಿಗೆ ಓಕುಳಿ.

ಮಧ್ಯಾಹ್ನ ಅವಳ ಫೋನ್ ತೊಟ್ಟಿಗೆ ಬಿತ್ತು. ಒಣಗಲೆಂದು ಅದನ್ನು ಈಗ ಕಮ್‌ಫೋನಳ ಅಕ್ಕಿ ಡಬ್ಬದಲ್ಲಿ ಹೂತಿದ್ದಾರೆ.

ಸಂಜೆ ಮಂಚದ ತುದಿಯಲ್ಲಿ ಕೂತು ತಲೆ ಒರೆಸಿಕೊಳ್ಳುತ್ತಾ ತಾನಾಗಿಯೇ ಹೇಳಿದಳು.

“ಅಲ್ಲಿ ಅವರಿಗೆ ಹೆಚ್ಚಾಗಬಾರದು ಅಂತ ಲೋಟದಲ್ಲಿ ಅಳೆದು ಕೊಡ್ತಿದ್ದೆ ನೀರನ್ನ. ಇನ್ನೊಂದು ಗುಟುಕು ಕೊಡೇ ಅಂತ ಕಾಲು ಹಿಡೀತಿದ್ರು. ಕೊಡ್ತಿರ್ಲಿಲ್ಲ. ಇಲ್ಲಿ ನೋಡಿದ್ರೆ ಬಕೆಟ್ ಬಕೆಟ್ ರಸ್ತೆಗೆ ಚೆಲ್ತಾರೆ. ನಾನೂ ಚೆಲ್ಲಿದೆ ಅಕ್ಕ. ಕೈ ಸೋಲೋವರೆಗೂ ಚೆಲ್ಲಿದೆ.”

“ಹುಚ್ಚಿ” ಎಂದೆ.

ಆಮೇಲೆ ನನ್ನ ಫೋನ್ ಕೇಳಿದಳು. ಅವನು ಕಾಯುತ್ತಿರುತ್ತಾನಂತೆ. ಕೊಡದಿದ್ದರೆ ರಾತ್ರಿಯೆಲ್ಲ ಮುಸುಮುಸು ಎನ್ನುತ್ತಾಳೆ, ನನಗೆ ನಿದ್ದೆ ಬೇಕಿತ್ತು, ಕೊಟ್ಟೆ. ನಂಬರನ್ನು ಒತ್ತಿದ್ದು ನಾನೇ. ಅವನು ಅದನ್ನು ಬದಲಿಸಿಲ್ಲ.

ಕೋಣೆ ಚಿಕ್ಕದು. ಅವನ ಧ್ವನಿ ನನಗೂ ಕೇಳಿಸಿತು. ಮುದುಕನ ಧ್ವನಿಯಾಗಿದೆ.

“ಇದು ಕ್ಲೆಯೋ ನಂಬರಲ್ವಾ?”

“ಹೌದು. ಇಲ್ಲೇ ಪಕ್ಕದಲ್ಲಿದಾರೆ. ಮಾತಾಡ್ತೀರಾ?”

ನಾನು ಕೈ ಅಡ್ಡ ಆಡಿಸಿದೆ.

“ಬೇಡ ಬಿಡು. ಬೈತಾಳೆ” ಎಂದ. ನಕ್ಕ ಹಾಗೆ ಕೇಳಿಸಿತು.

ಖಂಡಿತ ಬೈಯುತ್ತಿದ್ದೆ. ಏಳು ವರ್ಷದಿಂದ ಸಾಲು ಸಾಲಾಗಿ ಜೋಡಿಸಿಟ್ಟುಕೊಂಡಿದ್ದೇನೆ. ಹೇಡಿ.

ಏಪ್ರಿಲ್ 14

ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಪುರಿಂಗ್ ಅತ್ತಿಗೆಯ ಫೋನು.

“ಕ್ಲೆಯೋ, ಹೋಗ್ಬಿಟ್ಟ ಕಣೇ. ಮೆಷಿನ್ನಿಗೆ ಅಂತ ಗಾಡಿ ಹತ್ತಿಸಿದ್ದೆ. ಆಸ್ಪತ್ರೆ ಗೇಟು ಬರೋ ಹೊತ್ತಿಗೆ ನನ್ನ ಹೆಗಲ ಮೇಲೆ ತಲೆ ಇಟ್ಟ. ನಿದ್ದೆ ಅಂದ್ಕೊಂಡೆ.”

ಅತ್ತಳು. ಮೂಗು ಒರೆಸಿಕೊಂಡು ವ್ಯವಹಾರಕ್ಕೆ ಬಂದಳು.

“ಹೆಣ ಬಿಟ್ಟುಕೊಡೋಕೆ ಹೆಂಡತಿ ಸಹಿ ಬೇಕಂತೆ. ಕಾನೂನು ಪ್ರಕಾರ ನೀನೇ ಅಲ್ವಾ? ಒಂದು ಕಾಗದದಲ್ಲಿ ಬರೆದು ಸಹಿ ಹಾಕಿ ಫೋಟೋ ಕಳಿಸು. ಮತ್ತೆ ನೋಡು, ಆ ಹೆಂಗಸಿಗೆ ಸುದ್ದಿ ಮುಟ್ಟಕೂಡದು. ಎಲ್ಲಿ ಸತ್ತಿದಾಳೋ. ಬಂದು ಪೆಟ್ಟಿಗೆ ಮೇಲೆ ಬಿದ್ದು ರಂಪ ಮಾಡಿದ್ರೆ ಊರಲ್ಲಿ ಮುಖ ತೋರ್ಸೋ ಹಾಗಿಲ್ಲ.”

ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಆ ಹೆಂಗಸು ಕೆಳಗೆ ಕಮ್‌ಫೋನಳ ಸೊಂಟ ಹಿಡಿದುಕೊಂಡು ಕುಣಿಯುತ್ತಿತ್ತು. ತಲೆಯ ಮೇಲೆ ಪ್ಲಾಸ್ಟಿಕ್ ಹೂವು. ರೂಫಿನೋ ಪೈಪಿನಲ್ಲಿ ನೀರು ಬಿಡುತ್ತಿದ್ದ.

ಕಾಗದ ಬರೆದೆ. ‘ನಾನು, ಕ್ಲೆಯೋಫೆ ಪಾಲ್ಮಾರೆಸ್, ಮೃತನ ಪತ್ನಿ.’ ಅಕ್ಷರ ನೆಟ್ಟಗೆ ಬಂತು. ಫೋಟೋ ತೆಗೆದು ಕಳಿಸಿದೆ.

ಅವಳನ್ನು ಕರೆಯಲಿಲ್ಲ. ಕುಣಿಯಲಿ. ಬಿಸಿಲು ಇಳಿಯುವವರೆಗೆ ಕುಣಿಯಲಿ. ಆಮೇಲೆ ಗೊತ್ತಾದಾಗ, ಇವತ್ತು ಕುಣಿದೆನಲ್ಲಾ ಎಂದು ಜನ್ಮವಿಡೀ ಉರಿಯಲಿ ಎಂದು ಬಿಟ್ಟಿರಬೇಕು. ಬೇರೆ ಕಾರಣ ನನಗೆ ಹೊಳೆಯುತ್ತಿಲ್ಲ.

ಊಟ ಸೇರಲಿಲ್ಲ. ಸೆಕೆ.

ಏಪ್ರಿಲ್ 15

ನಿನ್ನೆ ಸಂಜೆ ಹೇಳಿದೆ. ಅವಳು ಒದ್ದೆ ಬಟ್ಟೆಯಲ್ಲೇ ಮೆಟ್ಟಿಲು ಹತ್ತಿ ಬಂದು, ಫೋನ್ ಒಣಗಿದೆಯೋ ನೋಡಬೇಕು ಎನ್ನುತ್ತಿದ್ದಳು.

“ಫೋನ್ ಮಾಡ್ಬೇಡ. ಎತ್ತೋಕೆ ಅವನಿಲ್ಲ” ಎಂದೆ.

ಅರ್ಥವಾಗಲು ಹೊತ್ತು ಹಿಡಿಯಿತು. ಅವಳ ತಲೆಯೇ ಅಷ್ಟು. ಮುಖದ ಮೇಲೆ ಹಿಟ್ಟಿನ ಬಿಳಿ, ಕೂದಲಿನಿಂದ ಇಳಿದ ನೀರು ಅದರಲ್ಲಿ ಗೆರೆ ಕೊರೆಯುತ್ತಿತ್ತು, ಅಳು ಯಾವುದು ನೀರು ಯಾವುದು ತಿಳಿಯಲಿಲ್ಲ.

“ಯಾವಾಗ?”

“ಬೆಳಿಗ್ಗೆ. ಮೆಷಿನ್ನಿಗೆ ಹೋಗೋ ದಾರೀಲಿ.”

“ಬೆಳಿಗ್ಗೆ” ಎಂದಳು. ನನ್ನನ್ನೇ ನೋಡಿದಳು. ಬೈಯುತ್ತಾಳೆ, ಕೂದಲಿಗೆ ಕೈ ಹಾಕುತ್ತಾಳೆ ಎಂದುಕೊಂಡೆ. ಸಿದ್ಧವಾಗಿದ್ದೆ. ಅವಳು ಕೇಳಿದ್ದು ಬೇರೆ.

“ನೀರು ಕೊಟ್ಟಿದ್ರಂತಾ?”

“ನನಗೇನು ಗೊತ್ತು?”

ಆಮೇಲೆ ಓಡಿದಳು. ಕೆಂಪು ಬೆರಳಿನ ಬರಿಗಾಲಲ್ಲಿ. ಕೋಣೆಯ ಬೀಗದ ಕೈ ಅವಳ ಜೇಬಿನಲ್ಲಿತ್ತು, ಅದಕ್ಕೆ ನಾನೂ ಹಿಂದೆ ಹೋಗಬೇಕಾಯಿತು. ಎಲ್ಲರೂ ನಮ್ಮ ಮೇಲೆ ನೀರೆರಚುತ್ತಾ, ಶುಭಾಶಯ ಹೇಳುತ್ತಾ ಇದ್ದರು. ವೀಸಾ ಕಚೇರಿಯ ಗೇಟಿಗೆ ಸರಪಳಿ. ಕಾವಲಿನವನೊಬ್ಬ ಕುರ್ಚಿಯಲ್ಲಿ, ಕತ್ತಿನಲ್ಲಿ ಹೂವಿನ ಮಾಲೆ.

“ನನ್ನ ಪಾಸ್‌ಪೋರ್ಟು ಕೊಡಿ. ವೀಸಾ ಬೇಡ. ಪಾಸ್‌ಪೋರ್ಟು ಕೊಡಿ ಸಾಕು. ಮನೆಗೆ ಹೋಗ್ಬೇಕು.”

ನಮ್ಮ ಭಾಷೆಯಲ್ಲಿ ಹೇಳುತ್ತಿದ್ದಳು. ಅವನಿಗೇನು ತಿಳಿಯಬೇಕು? ಪಾಪ, ಎದ್ದು ಬಂದು ಬೆಳ್ಳಿಯ ಬಟ್ಟಲಿನಿಂದ ಅವಳ ಹೆಗಲ ಮೇಲೆ ಸ್ವಲ್ಪ ನೀರು ಹನಿಸಿದ. ಇವಳು ಗೇಟಿನ ಸರಳು ಹಿಡಿದುಕೊಂಡು ಕುಸಿದು ಕೂತಳು. ಬೀದಿಯವರೆಲ್ಲ ಕುಡಿದಿದ್ದಾಳೆ ಎಂದು ನಕ್ಕರು. ಅವರಿಗೆ ನಾನು ಇಂಗ್ಲಿಷಿನಲ್ಲಿ ಬೈದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಜೊತೆ ಇರುವವಳನ್ನು ನೋಡಿ ನಕ್ಕರೆ ನನ್ನನ್ನು ನೋಡಿ ನಕ್ಕಂತೆ ತಾನೆ?

ಎಳೆದುಕೊಂಡು ಬಂದೆ. ಒದ್ದೆ ಬಟ್ಟೆ ಬಿಚ್ಚಿಸಿದೆ. ಮಂಚ ಒದ್ದೆಯಾದರೆ ಕಮ್‌ಫೋನ್ ನಮ್ಮಿಬ್ಬರನ್ನೂ ಕೇಳುತ್ತಾಳೆ.

ಇವತ್ತು ಬೆಳಿಗ್ಗೆ ಅತ್ತಿಗೆ ಮತ್ತೆ ಫೋನ್ ಮಾಡಿದಳು. ನಮ್ಮ ಮದುವೆಯಲ್ಲಿ ಅವನು ಹಾಕಿದ್ದ ಬಿಳಿ ಕಸೂತಿ ಅಂಗಿ ಇನ್ನೂ ಇದೆಯಂತೆ, ಅದನ್ನೇ ಹಾಕಿ ಮಲಗಿಸುತ್ತೇವೆ ಎಂದಳು. ಡಿವಿನಾ ಮಂಚದಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದವಳು ಎದ್ದು ಕೂತು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನನ್ನ ಕಿವಿಯಲ್ಲಿ ಹೇಳಿದಳು: “ಬೇಡ ಅಕ್ಕ. ಕತ್ತಿನ ಹತ್ರ ಟ್ಯೂಬ್ ಹಾಕಿದ ಗಾಯ ಇದೆ, ಅದು ಬಿಗಿಯಾಗತ್ತೆ. ನೀಲಿ ಅಂಗಿ ಹಾಕ್ಲಿ.”

ಸತ್ತವನಿಗೆ ಬಿಗಿ ಏನು, ಸಡಿಲ ಏನು? ಆದರೆ ಆ ಬಿಳಿ ಅಂಗಿ ಆರಿಸಿದ್ದು ನನ್ನ ಅತ್ತೆ. ಅವತ್ತೇ ನನಗದು ಹಿಡಿಸಿರಲಿಲ್ಲ.

“ನೀಲಿ ಅಂಗಿ ಹಾಕಿ ಅತ್ತಿಗೆ.”

“ನೀಲೀನಾ? ಜನ ಏನಂದಾರು?”

“ಹೆಂಡತಿ ನಾನು ತಾನೆ? ನಾನು ಹೇಳ್ತಿದೀನಿ. ನೀಲಿ ಅಂಗಿ. ಮೇಲಿನ ಗುಂಡಿ ಹಾಕ್ಬೇಡಿ.”

ಹೆಂಡತಿ ಎಂಬ ಪದವಿಯಿಂದ ಏಳು ವರ್ಷದಲ್ಲಿ ಮೊದಲ ಸಲ ಏನೋ ಒಂದು ಕೆಲಸವಾಯಿತು.

ಏಪ್ರಿಲ್ 16

ರೂಫಿನೋಗೆ ಹೇಗೋ ಸುದ್ದಿ ಸಿಕ್ಕಿದೆ. ಬೈಬಲ್ ಹಿಡಿದು ಬಾಗಿಲಿಗೆ ಬಂದ.

“ಸಿಸ್ಟರ್, ತುಂಬಾ ಬೇಜಾರಾಯ್ತು. ತೀರಿಕೊಂಡದ್ದು ಯಾರು? ನಿಮ್ಮ ಯಜಮಾನರಾ, ಅವರ ಯಜಮಾನರಾ?”

“ಹೌದು” ಎಂದು ಬಾಗಿಲು ಹಾಕಿದೆ.

ಡಿವಿನಾ ಬೆಳಗಿನಿಂದ ಜಪಮಾಲೆ ಹಿಡಿದು ಕೂತಿದ್ದಾಳೆ. ತಪ್ಪು ತಪ್ಪು. ಒಂದು ಪ್ರಾರ್ಥನೆ ಬಿಟ್ಟು ಇನ್ನೊಂದಕ್ಕೆ ಹಾರುತ್ತಾಳೆ, ಮಧ್ಯೆ ಎಲ್ಲಿದ್ದೆನೆಂದು ಮರೆತು ಮತ್ತೆ ಮೊದಲಿನಿಂದ. ಹೀಗೆ ಹೇಳಿದರೆ ಅವನು ಸ್ವರ್ಗದ ದಾರಿಯಲ್ಲಿ ಅರ್ಧಕ್ಕೆ ನಿಂತಿರುತ್ತಾನೆ, ಇತ್ತಲೂ ಇಲ್ಲ ಅತ್ತಲೂ ಇಲ್ಲ. ಬದುಕಿದ್ದಾಗಲೂ ಹಾಗೇ ಇದ್ದ. ಕೇಳಲಾಗದೆ ನಾನು ಎದುರು ಕೂತು ಹೇಳಿಸಿದೆ. ನಾನು ಒಂದು ಸಾಲು, ಅವಳು ಒಂದು ಸಾಲು.

ಕಮ್‌ಫೋನ್ ಬಾಗಿಲ ಹೊರಗೆ ಎರಡು ಬಟ್ಟಲು ಗಂಜಿ ಇಟ್ಟುಹೋಗಿದ್ದಳು. ಇವತ್ತು ಅವಳ ಮನೆಯ ಮುಂದೆ ಹಾಡು ಹಾಕಲಿಲ್ಲ. ಹಬ್ಬ ಮುಗಿದಿರಬೇಕು ಎಂದುಕೊಂಡೆ. ಪಕ್ಕದ ಬೀದಿಗಳಲ್ಲಿ ಮಾತ್ರ ಕೇಳಿಸುತ್ತಲೇ ಇತ್ತು.

ಫ್ಯಾನನ್ನು ಮಧ್ಯಕ್ಕೆ ಇಟ್ಟೆ. ನನಗೆ ನೆಗಡಿ ಆಗುವ ಹಾಗಿದೆ.

ಏಪ್ರಿಲ್ 17

ಕಚೇರಿ ತೆರೆಯಿತು. ಒಬ್ಬೊಬ್ಬರ ಹೆಸರು ಕರೆದು ಪಾಸ್‌ಪೋರ್ಟು ಕೊಡುತ್ತಿದ್ದರು. ನನ್ನದು ಬಂತು. ಒಂದು ಹಾಳೆ ತುಂಬ ಸ್ಟಿಕ್ಕರು, ಮೇಲೆ ನನ್ನ ಹೆಸರು, ಅದರ ಕೊನೆಗೆ ಅವನ ಮನೆತನದ ಹೆಸರು.

ಡಿವಿನಾಳನ್ನು ಕರೆದರು. ಅವಳು ಬೆಂಚಿನಲ್ಲಿ ಕೂತೇ ಇದ್ದಳು. ಎರಡನೆಯ ಸಲ ಕರೆದರು. ಹೋಗಿ ತೋಳು ಹಿಡಿದು ಎಬ್ಬಿಸಿದೆ.

“ನಂಗೆ ಬೇಡ. ಇದ್ಯಾಕೆ ಇನ್ನು? ಯಾರಿಗೆ ದುಡೀಲಿ?”

“ಮೊದಲು ಪಾಸ್‌ಪೋರ್ಟು ತಗೋ, ಆಮೇಲೆ ನದಿಗೆ ಎಸಿ. ಹಿಂದೆ ಜನ ಕಾಯ್ತಿದಾರೆ.”

ಕಿಟಕಿಯಲ್ಲಿ ಗುಮಾಸ್ತೆ ಅವಳಿಗೆ ಏನೋ ಕೇಳಿದಳು, ಯಾವ ಶಾಲೆ, ಯಾವ ತರಗತಿ ಎಂದಿರಬೇಕು. ಇವಳು ಕೈಯಲ್ಲಿದ್ದ ಚೀಟಿಯನ್ನು ಮಡಚುತ್ತಾ ನಿಂತಳು. ಗುಮಾಸ್ತೆ ಪಾಸ್‌ಪೋರ್ಟನ್ನು ಹಿಂದಕ್ಕೆ ಎಳೆದುಕೊಂಡು ನನ್ನನ್ನು ನೋಡಿದಳು.

“ಇವರಿಗೆ ಹುಷಾರಿಲ್ವಾ? ನೀವು ಯಾರು ಇವರಿಗೆ?”

“ಮನೆಯವಳು” ಎಂದೆ. “ನಮ್ಮ ಮನೇಲಿ ಸಾವಾಗಿದೆ. ಇವಳು ಶಿಶುವಿಹಾರದ ಟೀಚರು. ಮಕ್ಕಳು ಅಂದ್ರೆ ಜೀವ ಬಿಡ್ತಾಳೆ. ಕೊಡಿ.”

ಸುಳ್ಳು. ಆದರೆ ನಿಜವನ್ನು ವಿವರಿಸುತ್ತಾ ನಿಲ್ಲಲು ಆ ಕಿಟಕಿ ತೀರಾ ಚಿಕ್ಕದು, ನನ್ನ ಹಿಂದೆ ಆ ಚಡ್ಡಿಯವನು ಬೇರೆ ಕಿವಿ ಅಗಲಿಸಿಕೊಂಡು ನಿಂತಿದ್ದ. ಅವಳು ಮಕ್ಕಳ ಜೊತೆ ಹೇಗಿರುತ್ತಾಳೋ ನನಗೇನು ಗೊತ್ತು. ಕಮ್‌ಫೋನಳ ಮೊಮ್ಮಕ್ಕಳು ಅವಳ ಕಾಲು ಬಿಡುವುದಿಲ್ಲ, ಅಷ್ಟು ನೋಡಿದ್ದೇನೆ.

ಕೊಟ್ಟರು.

ಮಣ್ಣು ಮಾಡುವುದು ನಾಳೆ ಬೆಳಿಗ್ಗೆ. ಅತ್ತಿಗೆ ಆತುರ ಮಾಡಿದ್ದಾಳೆ. ಇವಳು ರೆಕ್ಕೆ ಕಟ್ಟಿಕೊಂಡು ಹೊರಟರೂ ತಲುಪುವುದಿಲ್ಲ. ತಲುಪಿದರೂ ಸ್ಮಶಾನದ ಗೇಟಿನಲ್ಲೇ ತಡೆಯುತ್ತಾರೆ. ಅದನ್ನೇ ಹೇಳಿದೆ. ಮೆತ್ತಗೆ ಹೇಳುವುದು ನನಗೆ ಬರುವುದಿಲ್ಲ.

“ಗೊತ್ತು” ಎಂದಳು. “ದೂರದಿಂದ ನೋಡ್ತಿದ್ದೆ ಅಕ್ಕ. ಬೇಲಿ ಹತ್ರ ನಿಂತ್ಕೊಂಡು.”

ವ್ಯಾನು ನಾಳೆ ಮಧ್ಯಾಹ್ನ. ಡ್ರೈವರ್ ಇನ್ನೂ ಹಬ್ಬದಿಂದ ಎದ್ದಿಲ್ಲ.

ಏಪ್ರಿಲ್ 18

ಮಣ್ಣು ಮಾಡುವುದನ್ನು ಫೋನಿನಲ್ಲಿ ತೋರಿಸುತ್ತೇನೆ ಎಂದಿದ್ದಳು ಅತ್ತಿಗೆ. ವಿಧವೆ ದೂರದೇಶದಲ್ಲಿ ವೀಸಾಕ್ಕೆ ಕಾಯುತ್ತಾ ಒಬ್ಬಂಟಿ ಎಂದು ಊರಿಗೆಲ್ಲ ಹೇಳಿ ಮರುಕ ಸಂಪಾದಿಸಿಟ್ಟಿದ್ದಾಳೆ.

ಫೋನನ್ನು ನೀರಿನ ಜಗ್ಗಿಗೆ ಒರಗಿಸಿದೆ. ಅದರ ಕಣ್ಣಿಗೆ ನಾನೊಬ್ಬಳೇ ಬೀಳುವ ಹಾಗೆ, ಡಿವಿನಾಳನ್ನು ಪಕ್ಕಕ್ಕೆ ನೆಲದ ಮೇಲೆ ಕೂರಿಸಿದೆ. ಅಲ್ಲಿಂದ ಪರದೆ ಕಾಣುತ್ತದೆ. ಅವಳು ಇದನ್ನೆಲ್ಲ ಬೇಡಿರಲಿಲ್ಲ. ಆದರೆ ಕೋಣೆಯಿಂದ ಹೊರಗೆ ಹಾಕಿದ್ದರೆ ಬಾಗಿಲ ಹೊರಗೆ ಕೂತು ಬಿಕ್ಕುತ್ತಿದ್ದಳು, ಗೆಸ್ಟ್‌ಹೌಸಿನಲ್ಲಿ ರಾದ್ಧಾಂತ.

“ಒಂದು ಸದ್ದು ಬಂದ್ರೂ ಕಟ್ ಮಾಡ್ತೀನಿ” ಎಂದೆ. ತಲೆಯಾಡಿಸಿ ಟವೆಲ್ಲನ್ನು ಬಾಯಲ್ಲಿ ಕಚ್ಚಿಕೊಂಡಳು.

“ಕ್ಲೆಯೋ, ಕಾಣ್ತಿದಿಯಾ? ಒಬ್ಬಳೇ ಇದೀಯೇನೇ ಪಾಪ?”

“ಒಬ್ಬಳೇ ಅತ್ತಿಗೆ.”

ಪೆಟ್ಟಿಗೆಯ ಹತ್ತಿರ ಹೋದರು. ನೀಲಿ ಅಂಗಿ. ಮೇಲಿನ ಗುಂಡಿ ತೆರೆದಿದ್ದರು. ಮುಖಕ್ಕೆ ಏನೇನೋ ಬಳಿದು ಅವನನ್ನು ಬ್ಯಾಂಕ್ ಮ್ಯಾನೇಜರ್ ಮಾಡಿಬಿಟ್ಟಿದ್ದರು. ತುಟಿ ಒಣಗಿ ಬಿರುಕು ಬಿಟ್ಟಿತ್ತು. ಅದನ್ನು ಮಾತ್ರ ಯಾವ ಬಣ್ಣವೂ ಮುಚ್ಚಿರಲಿಲ್ಲ.

ಅದನ್ನು ನೋಡಿದಾಗ ಪಕ್ಕದಿಂದ ಸದ್ದು ಬಂತು. ಟವೆಲ್ ದಾಟಿ ಬಂತು. ನಾಯಿಮರಿಯನ್ನು ತುಳಿದಂತೆ ಒಂದು ಸದ್ದು.

“ಅದೇನೇ? ಯಾರೇ ಅಲ್ಲಿ?” ಎಂದಳು ಅತ್ತಿಗೆ. ಫೋನನ್ನು ಹತ್ತಿರ ತಂದಳು.

ಏನು ಮಾಡಲಿ? ಕಟ್ ಮಾಡಬಹುದಿತ್ತು. ಬೆರಳು ಅಲ್ಲೇ ಇತ್ತು. ಮಾಡಲಿಲ್ಲ, ಅರ್ಧಕ್ಕೆ ಕಟ್ ಆದರೆ ಅತ್ತಿಗೆ ಮತ್ತೆ ಮಾಡುತ್ತಾಳೆ. ನಾನೇ ಬಾಯಿ ತೆರೆದು ಜೋರಾಗಿ ಅಳತೊಡಗಿದೆ. ಎದೆ ಬಡಿದುಕೊಂಡೆ. ನಮ್ಮೂರ ಸಾವಿನ ಮನೆಗಳಲ್ಲಿ ಮುದುಕಿಯರು ಅಳುವುದನ್ನು ನೋಡಿ ನಾನು ಯಾವಾಗಲೂ ಹೇಸಿದ್ದೇನೆ. ನಾನೂ ಹಾಗೇ ಅತ್ತುಬಿಟ್ಟೆ, ಅವನ ಹೆಸರು ಹಿಡಿದು ಕೂಗಿ. ನನ್ನ ಕೂಗಿನ ಅಡಿಯಲ್ಲಿ ಡಿವಿನಾಳ ದನಿ ಮುಚ್ಚಿಹೋಯಿತು. ಅವಳೂ ಟವೆಲ್ ತೆಗೆದು ಮನಸಾರೆ ಅತ್ತಳು. ಯಾರಿಗೂ ತಿಳಿಯಲಿಲ್ಲ.

ಅಲ್ಲಿ ಎಲ್ಲರೂ ಫೋನಿನ ಕಡೆ ತಿರುಗಿದರು. ಪಾದ್ರಿಯೂ ತಿರುಗಿದ. ‘ಎಷ್ಟಾದರೂ ಚರ್ಚಿನಲ್ಲಿ ಕೈಹಿಡಿದವಳು’ ಎಂದು ಯಾರೋ ಅನ್ನುವುದು ಕೇಳಿಸಿತು. ಎಂಥ ಮೂರ್ಖರು! ಮಣ್ಣು ಹಾಕಿದರು. ನಾನು ಅಳುತ್ತಲೇ ಇದ್ದೆ. ನಾಟಕವೆಂದರೆ ಹಾಗೆ, ಒಮ್ಮೆ ಹಿಡಿದರೆ ಕೊನೆಯವರೆಗೂ ನಡೆಸಬೇಕು.

ಆಮೇಲೆ ಹೆಗಲ ಮೇಲೆ ಕೈ ಬಿತ್ತು. ಡಿವಿನಾ. ಅವಳ ಮುಖ ಆಗಲೇ ಒಣಗಿತ್ತು.

“ಅಕ್ಕ” ಎಂದಳು, “ಅವರು ಫೋನ್ ಇಟ್ಟು ತುಂಬಾ ಹೊತ್ತಾಯ್ತು.”